ಮೈಕೈ ನೋವಿಗೆ ಆಪರೇಷನ್ ಎಂದಿದ್ದಾರಾ? ಅದಕ್ಕೂ ಮೊದಲು ಯಾವ ಥೈರಾಯ್ಡ್ ಪರೀಕ್ಷೆ, ಎಲ್ಲಿ, ಎಷ್ಟಕ್ಕೆ

ಕೈ ಜೋಮು ಹಿಡಿಯುತ್ತದೆ, ಮಣಿಕಟ್ಟಿಗೆ ಆಪರೇಷನ್ ಎಂದಿದ್ದಾರೆ. ಭುಜ ಎತ್ತಲು ಆಗುತ್ತಿಲ್ಲ, ಸಣ್ಣ ತೂತು ಮಾಡಿ ಬಿಡಿಸೋಣ ಎಂದಿದ್ದಾರೆ. ಅಮ್ಮನ ಮಂಡಿ ಸವೆದಿದೆ, ಬದಲಾಯಿಸಬೇಕಂತೆ. ಇಂಥ ಮಾತು ಕೇಳಿಕೊಂಡು ಮನೆಗೆ ಬಂದವರಿಗೆ ಪಕ್ಕದ ಮನೆಯವರೊಬ್ಬರು "ಮೊದಲು ಥೈರಾಯ್ಡ್ ನೋಡಿಸಿ" ಎನ್ನುತ್ತಾರೆ. ಲ್ಯಾಬಿಗೆ ಹೋದರೆ ಅಲ್ಲಿ ನಾಲ್ಕು ಥರದ ಪರೀಕ್ಷೆ, ನಾಲ್ಕು ಥರದ ರೇಟು. ಥೈರಾಯ್ಡಿಗೆ ಕೆಲಸ ಹೇಳುವ ಟಿಎಸ್‌ಎಚ್ ಎಂಬ ಹಾರ್ಮೋನು ಒಂದೇ ನೋಡಿಸಿದರೆ ಸಾಕಾ? ಥೈರಾಯ್ಡ್ ತಾನೇ ಬಿಡುವ ಟಿ3, ಟಿ4 ಹಾರ್ಮೋನುಗಳನ್ನೂ ಸೇರಿಸಬೇಕಾ? ಪೂರ್ತಿ ಬಾಡಿ ಚೆಕಪ್ ಪ್ಯಾಕೇಜ್ ವಾಸಿನಾ? ಇಲ್ಲಾ ಇದೆಲ್ಲ ಬಿಟ್ಟು ಸೀದಾ ಎಂಆರ್‌ಐ ಮಾಡಿಸಿ ಡೇಟ್ ತೆಗೆದುಕೊಂಡುಬಿಡುವುದಾ?

ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿ ನನಗೆ 17 ವರ್ಷವಾಯಿತು. ನಾನು ಡಾಕ್ಟರ್ ಅಲ್ಲ. ಆದರೆ ಈ ಪ್ರಶ್ನೆಗಳನ್ನು ಕೌಂಟರಿನ ಆಚೆಯಿಂದ ದಿನವೂ ಕೇಳುತ್ತೇನೆ. ನಮ್ಮ ಮನೆಯಲ್ಲೇ ಒಮ್ಮೆ ಇದೇ ಗೊಂದಲ ಆಗಿತ್ತು, ಅಲ್ಲಿಂದಲೇ ಶುರು ಮಾಡುತ್ತೇನೆ.

ಅತ್ತಿಗೆಗೆ ಆಗ 46 ವರ್ಷ. ರಾಣೆಬೆನ್ನೂರಿನ ಹತ್ತಿರದ ಹಳ್ಳಿಯಲ್ಲಿ ಮನೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಒದ್ದೆ ಕೈ ಒದರಿದ ಹಾಗೆ ಎರಡೂ ಕೈ ಒದರುತ್ತಿದ್ದರು. ರೊಟ್ಟಿ ತಟ್ಟುವಾಗ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹಿಟ್ಟು ಬಿಸಿಯಿದೆಯೋ ತಣ್ಣಗಿದೆಯೋ ತಿಳಿಯುತ್ತಿರಲಿಲ್ಲ. ಒಗೆದ ಸೀರೆ ಹಿಂಡಲು ಅಣ್ಣನನ್ನು ಕರೆಯಬೇಕಿತ್ತು. ಮೈಯೆಲ್ಲ ನೋವು, ಸುಸ್ತು ಬೇರೆ. ಒಂದು ಆಸ್ಪತ್ರೆಯಲ್ಲಿ ನೋಡಿ ಎರಡೂ ಮಣಿಕಟ್ಟಿಗೆ ಆಪರೇಷನ್ ಎಂದು ಡೇಟ್ ಕೊಟ್ಟರು. ರಕ್ತ ಪರೀಕ್ಷೆ ಬರೆದಿದ್ದರು, ಅದರಲ್ಲಿ ಸಕ್ಕರೆ ಇತ್ತು, ಹಿಮೋಗ್ಲೋಬಿನ್ ಇತ್ತು, ಥೈರಾಯ್ಡ್ ಇರಲಿಲ್ಲ. ನಾನೂ ಆ ಚೀಟಿ ನೋಡಿದ್ದೆ. ನನಗೂ ಹೊಳೆಯಲಿಲ್ಲ, ಆ ಬೇಜಾರು ಇನ್ನೂ ಇದೆ.

ಆ ವಾರವೇ ಅವರು ಬಿಪಿ ತೋರಿಸಲು ಊರಿನ ಫಿಸಿಷಿಯನ್ ಹತ್ತಿರ ಹೋದರು. ಅವರು ಎರಡು ಮಾತು ಕೇಳಿಯೇ "ದನಿ ಯಾವಾಗಿನಿಂದ ಹೀಗೆ ದಪ್ಪ ಆಗಿದೆ ತಾಯಿ?" ಎಂದರು. ಕುರ್ಚಿಯ ಮೇಲೆ ಮಂಡಿಯೂರಿಸಿ, ಪಾದ ಹಿಂದಕ್ಕೆ ಇಳಿಬಿಡಿಸಿ, ಹಿಮ್ಮಡಿಗಿಂತ ಸ್ವಲ್ಪ ಮೇಲೆ ಸಣ್ಣ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಪಾದ ಪಟ್ಟನೆ ಒದೆಯಿತು. ವಾಪಸ್ ಬರುವಾಗ ಮಾತ್ರ ಬಹಳ ನಿಧಾನ, ನೀರಿನೊಳಗೆ ಕಾಲು ಆಡಿಸಿದ ಹಾಗೆ. ಅಣ್ಣನನ್ನು ಕರೆದು ಇನ್ನೊಮ್ಮೆ ತಟ್ಟಿ ತೋರಿಸಿದರು. "ಹೋಗಿದ್ದು ಬೇಗ, ಬರ್ತಿರೋದು ನಿಧಾನ. ನಾಳೆನೇ ಥೈರಾಯ್ಡ್ ನೋಡೋಣ." ಟಿಎಸ್‌ಎಚ್ 58 ಬಂತು. ನಾಲ್ಕರ ಆಸುಪಾಸಿನೊಳಗೆ ಇರಬೇಕಾದದ್ದು. ಅದು ಇಷ್ಟು ಏರಿದೆ ಎಂದರೆ ಥೈರಾಯ್ಡ್ ಕಮ್ಮಿಯಾಗಿದೆ ಎಂದು.

ಥೈರಾಯ್ಡಿಗೂ ನೋವಿಗೂ ಏನು ಸಂಬಂಧ

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಅದು ಬಿಡುವ ಹಾರ್ಮೋನು ಮೈಯ ಪ್ರತಿ ಕೆಲಸದ ವೇಗ ನೋಡಿಕೊಳ್ಳುತ್ತದೆ. ಅದು ಕಮ್ಮಿಯಾದರೆ ಸ್ನಾಯು ಬಿಗಿಯುತ್ತದೆ, ಸೆಳೆತ ಬರುತ್ತದೆ, ತೊಡೆ ಮತ್ತು ತೋಳಿನ ಬಲ ಕುಗ್ಗುತ್ತದೆ. ಕೂತಲ್ಲಿಂದ ಏಳಲು ಕೈ ಊರಬೇಕಾಗುತ್ತದೆ. ಚರ್ಮದ ಕೆಳಗೆ, ಕೀಲಿನ ಸುತ್ತ ಒಂಥರಾ ನೀರು ಹಿಡಿದ ಊತ ಕಟ್ಟುತ್ತದೆ. ಮಣಿಕಟ್ಟಿನಲ್ಲಿ ನರ ಹಾದುಹೋಗುವ ದಾರಿ ಮೊದಲೇ ಇಕ್ಕಟ್ಟು. ಅಲ್ಲಿ ಸ್ವಲ್ಪ ಊದಿದರೂ ನರ ಹಿಸುಕಿಕೊಂಡು ಬೆರಳು ಜೋಮು ಹಿಡಿಯುತ್ತದೆ. ಇದನ್ನೇ ಕಾರ್ಪಲ್ ಟನಲ್ ಎನ್ನುವುದು. ಭುಜ ಹಿಡಿದುಕೊಳ್ಳುವ ಫ್ರೋಜನ್ ಶೋಲ್ಡರ್ ಕೂಡ ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಥೈರಾಯ್ಡ್ ತೊಂದರೆಯವರಲ್ಲಿ ಬೇರೆಯವರಿಗಿಂತ ಜಾಸ್ತಿ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರೂ ಸೇರಿದಂತೆ ದೇಶದ 8 ನಗರಗಳಲ್ಲಿ 5,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100ಕ್ಕೆ ಸುಮಾರು 11 ಜನರಿಗೆ ಥೈರಾಯ್ಡ್ ಕೊರತೆ ಇತ್ತು. ಹೆಂಗಸರಲ್ಲಿ ಜಾಸ್ತಿ, 35 ದಾಟಿದವರಲ್ಲಿ ಇನ್ನೂ ಜಾಸ್ತಿ.

ಹಾಗಂತ ಎಲ್ಲ ನೋವೂ ಥೈರಾಯ್ಡಿನದ್ದಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಟಿಎಸ್‌ಎಚ್ ಸ್ವಲ್ಪ ಜಾಸ್ತಿ ಬಂತು ಎಂದು ಬೇಕಾದ ಆಪರೇಷನ್ ಮುಂದೂಡಿ ಕೈಕಾಲಿನ ಬಲ ಕಳೆದುಕೊಂಡವರನ್ನೂ ನೋಡಿದ್ದೇನೆ.

ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ

ಮೊದಲನೆಯದು, ನಿಮ್ಮ ನೋವು ಕಾಯಬಹುದಾದದ್ದಾ? ಮೂತ್ರ ಅಥವಾ ಮಲದ ಹಿಡಿತ ತಪ್ಪಿದೆ, ತೊಡೆಯ ಸಂದಿಯಲ್ಲಿ ಸ್ಪರ್ಶ ಹೋಗಿದೆ, ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುತ್ತಿದೆ, ನಡೆಯುವಾಗ ಪಾದ ಜೋತುಬೀಳುತ್ತದೆ, ಕೀಲು ಊದಿ ಜ್ವರ ಬಂದಿದೆ, ಬಿದ್ದು ಮೂಳೆ ಮುರಿದಿದೆ, ಕಾರಣವಿಲ್ಲದೆ ತೂಕ ಇಳಿದು ರಾತ್ರಿಯಿಡೀ ನೋವು ಬಿಡುತ್ತಿಲ್ಲ. ಇದರಲ್ಲಿ ಒಂದಿದ್ದರೂ ಲ್ಯಾಬ್ ಹುಡುಕುತ್ತ ಕೂರಬೇಡಿ, ಓದುವುದನ್ನೂ ಇಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಥೈರಾಯ್ಡನ್ನು ಅವರೇ ಅಲ್ಲಿ ನೋಡಿಕೊಳ್ಳುತ್ತಾರೆ.

ಎರಡನೆಯದು, ನೋವಿನ ರೂಪ. ಒಂದೇ ಜಾಗದಲ್ಲಿ, ಒಂದೇ ಬದಿಯಲ್ಲಿ, ಒಂದು ಕೆಲಸ ಮಾಡಿದಾಗ ಮಾತ್ರ ಬರುವ ನೋವು ಒಂದು ಥರ. ಎರಡೂ ಕೈ, ಎರಡೂ ಭುಜ, ತೊಡೆ, ಬೆನ್ನು ಎಂದು ಹರಡಿರುವ ನೋವು ಇನ್ನೊಂದು ಥರ. ಎರಡನೆಯದರಲ್ಲಿ ರಕ್ತ ಪರೀಕ್ಷೆಯಿಂದ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಜೊತೆಗೆ ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಟ್ಟಿನಲ್ಲಿ ಜಾಸ್ತಿ ರಕ್ತ, ಬೆಳಿಗ್ಗೆ ಕಣ್ಣಿನ ಸುತ್ತ ಊತ, ದನಿ ಒರಟಾಗುವುದು ಇದ್ದರೆ ಥೈರಾಯ್ಡ್ ಮೇಲಿನ ಅನುಮಾನ ಇನ್ನೂ ಬಲವಾಗಬೇಕು.

ಮೂರನೆಯದು, ರಿಪೋರ್ಟ್ ಬಂದ ಮೇಲೆ ನಿಮ್ಮ ತೀರ್ಮಾನ ಬದಲಾಗುತ್ತದಾ? ಬದಲಾಗದಿದ್ದರೆ ಆ ಪರೀಕ್ಷೆಗೆ ದುಡ್ಡು ಸುಮ್ನೆ ದಂಡ. ಕೊನೆಯದು, ಆ ರಿಪೋರ್ಟ್ ಓದಿ ಹೇಳುವವರು ಯಾರು? ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ರಿಪೋರ್ಟನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಆರು ತಿಂಗಳು ಓಡಾಡುವವರು ನಮ್ಮ ಕೌಂಟರಿಗೆ ಬರುತ್ತಲೇ ಇರುತ್ತಾರೆ.

ಖರ್ಚಿನ ಮಾತು ಇವೆಲ್ಲದರ ಜೊತೆಗೇ ಇದೆ, ಅದನ್ನು ಒಂದೊಂದು ಆಯ್ಕೆಯಲ್ಲೂ ಹೇಳುತ್ತೇನೆ. ನಾನು ಕೊಡುವ ರೇಟು ಅಂದಾಜು. ಊರಿಂದ ಊರಿಗೆ, ಲ್ಯಾಬಿಂದ ಲ್ಯಾಬಿಗೆ ಬದಲಾಗುತ್ತದೆ.

ಬರೀ ಟಿಎಸ್‌ಎಚ್

ಸುಮಾರು 200ರಿಂದ 400 ರೂಪಾಯಿ. ಹೆಚ್ಚಿನವರಿಗೆ ಮೊದಲ ಹೆಜ್ಜೆಯಾಗಿ ಇಷ್ಟೇ ಸಾಕು. ಟಿಎಸ್‌ಎಚ್ ಬರುವುದು ಥೈರಾಯ್ಡಿನಿಂದಲ್ಲ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡ್ ಸೋಮಾರಿಯಾದರೆ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ಥೈರಾಯ್ಡ್ ಅತಿಯಾಗಿ ದುಡಿದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಟಿಎಸ್‌ಎಚ್ ಇಳಿಯುತ್ತದೆ. ಥೈರಾಯ್ಡ್ ಸ್ವಲ್ಪ ಹದ ತಪ್ಪಿದರೂ ಮೊದಲು ತಿಳಿಯುವುದು ಇದರಲ್ಲೇ.

ಇದರ ಕೊರತೆ ಏನೆಂದರೆ, ಜಾಸ್ತಿ ಬಂದಾಗ ಕೊರತೆ ಎಷ್ಟು ಗಂಭೀರ ಎಂದು ಇದೊಂದೇ ಹೇಳುವುದಿಲ್ಲ. ಇನ್ನೊಮ್ಮೆ ರಕ್ತ ಕೊಡಲು ಬರಬೇಕು. ಪಿಟ್ಯುಟರಿಯಲ್ಲೇ ತೊಂದರೆ ಇದ್ದವರಿಗೂ ಟಿಎಸ್‌ಎಚ್ ನಂಬಿಕೊಂಡರೆ ದಾರಿ ತಪ್ಪುತ್ತದೆ. ಆದರೆ ಅಂಥವರು ಕಮ್ಮಿ. ಕೈಯಲ್ಲಿ ದುಡ್ಡು ಬಿಗಿಯಿದ್ದರೆ, ಲ್ಯಾಬ್ ಮನೆ ಹತ್ತಿರವೇ ಇದ್ದರೆ, ಇದರಿಂದ ಶುರು ಮಾಡಿ.

ಟಿಎಸ್‌ಎಚ್ ಜೊತೆ ಫ್ರೀ ಟಿ4

ಆಪರೇಷನ್ ಡೇಟ್ ಆಗಲೇ ಕೊಟ್ಟಿದ್ದರೆ ನನ್ನ ಆಯ್ಕೆ ಇದು. ಖರ್ಚು 500ರಿಂದ 800 ರೂಪಾಯಿಯ ಆಸುಪಾಸು. ಎರಡೂ ಒಂದೇ ರಕ್ತದಲ್ಲಿ ಆಗುತ್ತದೆ. ಫ್ರೀ ಟಿ4 ಎಂದರೆ ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4. ಟಿಎಸ್‌ಎಚ್ ಜಾಸ್ತಿ, ಫ್ರೀ ಟಿ4 ಕಮ್ಮಿ ಎಂದರೆ ಕೊರತೆ ನಿಜವಾದದ್ದು, ಚಿಕಿತ್ಸೆ ಬೇಕು. ಟಿಎಸ್‌ಎಚ್ ಸ್ವಲ್ಪ ಜಾಸ್ತಿ, ಫ್ರೀ ಟಿ4 ಸರಿ ಎಂದರೆ ಅದು ಗಡಿಯ ಮೇಲಿನ ಕೊರತೆ. ಈ ವ್ಯತ್ಯಾಸವೇ ನೋವಿನ ತೀರ್ಮಾನಕ್ಕೆ ಮುಖ್ಯ. ಟಿಎಸ್‌ಎಚ್ 6 ಬಂದು ಫ್ರೀ ಟಿ4 ಸರಿಯಿರುವವರ ತೀವ್ರ ನೋವನ್ನೆಲ್ಲ ಥೈರಾಯ್ಡಿನ ತಲೆಗೆ ಕಟ್ಟಲಾಗುವುದಿಲ್ಲ.

ಕೌಂಟರಿನಲ್ಲಿ "ಥೈರಾಯ್ಡ್ ಪ್ರೊಫೈಲ್" ಎಂದರೆ ಸಾಮಾನ್ಯವಾಗಿ ಟಿ3, ಟಿ4, ಟಿಎಸ್‌ಎಚ್ ಮೂರನ್ನು ಮಾಡುತ್ತಾರೆ. ರೇಟು ಹೆಚ್ಚೂಕಮ್ಮಿ ಅಷ್ಟೇ. ಅದರಲ್ಲಿ ಟಿ4 ಒಟ್ಟು ಲೆಕ್ಕದ್ದು, ಫ್ರೀ ಅಲ್ಲ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಒಟ್ಟು ಲೆಕ್ಕ ಏರಿ ಗೊಂದಲ ಮಾಡುತ್ತದೆ. ಕೊರತೆಯಲ್ಲಿ ಟಿ3 ಬಹಳ ಕಾಲ ಸರಿಯಾಗೇ ಇರುತ್ತದೆ, ಹಾಗಾಗಿ ಅದರಿಂದ ಉಪಯೋಗ ಕಮ್ಮಿ. ಚೀಟಿಯಲ್ಲಿ "ಫ್ರೀ ಟಿ4" ಎಂದೇ ಬರೆಸಿಕೊಳ್ಳಿ. ತೂಕ ಇಳಿದು, ಕೈ ನಡುಗಿ, ಎದೆ ಡವಡವ ಎನ್ನುತ್ತಿದ್ದರೆ ಮಾತ್ರ ಟಿ3 ಬೇಕು. ಅದು ಥೈರಾಯ್ಡ್ ಹೆಚ್ಚಾದವರ ಕಥೆ. ಅವರಿಗೂ ತೊಡೆ ಸೋಲುತ್ತದೆ, ಮೂಳೆ ತೆಳ್ಳಗಾಗುತ್ತದೆ.

ಆಂಟಿ ಟಿಪಿಒ ಎಂಬ ಇನ್ನೊಂದು ಪರೀಕ್ಷೆ ಇದೆ. ಕೊರತೆ ಯಾಕೆ ಬಂತು, ಮೈಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿದೆಯಾ ಎಂದು ಅದು ಹೇಳುತ್ತದೆ. ಸಾವಿರದ ಹತ್ತಿರ ಹೋಗುತ್ತದೆ. ಟಿಎಸ್‌ಎಚ್ ಗಡಿಯ ಮೇಲಿದ್ದು ಮಾತ್ರೆ ಬೇಕೋ ಬೇಡವೋ ಎಂದು ತೂಗುವಾಗ ಒಮ್ಮೆ ಮಾಡಿಸಬಹುದು. ಪ್ರತಿ ಸಲ ಬೇಡ. ಮಾತ್ರೆಯ ಪ್ರಮಾಣ ಅದರಿಂದ ನಿರ್ಧಾರ ಆಗುವುದಿಲ್ಲ.

ಪೂರ್ತಿ ಬಾಡಿ ಚೆಕಪ್

ಸಾವಿರದಿಂದ ಮೂರು ಸಾವಿರದೊಳಗೆ 60, 80 ಪರೀಕ್ಷೆ ಎಂದು ಜಾಹೀರಾತು ಇರುತ್ತದೆ. ಸಂಖ್ಯೆ ನೋಡಿ ಮರುಳಾಗಬೇಡಿ. ಒಂದು ಮೂತ್ರ ಪರೀಕ್ಷೆಯನ್ನೇ ಹತ್ತಾರು ಅಂಶಗಳಾಗಿ ಬಿಡಿಸಿ ಎಣಿಸಿರುತ್ತಾರೆ. ಹರಡಿದ ಮೈಕೈ ನೋವಿಗೆ ನಿಜವಾಗಿ ಬೇಕಾದವು ಕೆಲವೇ: ಟಿಎಸ್‌ಎಚ್, ವಿಟಮಿನ್ ಡಿ, ಬಿ12, ಮೈಯೊಳಗಿನ ಉರಿಯೂತ ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ, ಮೂರು ತಿಂಗಳ ಸಕ್ಕರೆ, ಕ್ಯಾಲ್ಸಿಯಂ, ಹಿಮೋಗ್ಲೋಬಿನ್, ಮತ್ತೆ ಸ್ನಾಯುವಿನ ಸಿಕೆ ಅಂದರೆ ಸಿಪಿಕೆ. ಈ ಕೊನೆಯದು ಪ್ಯಾಕೇಜಿನಲ್ಲಿ ಹೆಚ್ಚಾಗಿ ಇರುವುದೇ ಇಲ್ಲ. ಥೈರಾಯ್ಡ್ ಕೊರತೆಯಿಂದ ಸ್ನಾಯು ಬಳಲಿದ್ದರೆ ಅದು ಏರಿರುತ್ತದೆ.

ಆದರೂ ಪ್ಯಾಕೇಜ್ ಯಾರಿಗೆ ಸರಿ? ಬಿಡಿಬಿಡಿಯಾಗಿ ಡಿ, ಬಿ12, ಟಿಎಸ್‌ಎಚ್ ಮಾಡಿಸಿದರೇ ಎರಡು ಸಾವಿರ ದಾಟುವ ಊರುಗಳಿವೆ. ಅಲ್ಲಿ ಪ್ಯಾಕೇಜೇ ಅಗ್ಗ. ಬರೀ ಸಸ್ಯಾಹಾರಿಗಳಾಗಿದ್ದು ಕಾಲಿನ ಉರಿ, ಜೋಮು ಇದ್ದರೆ ಬಿ12 ನೋಡಲೇಬೇಕು. ಇಡೀ ದಿನ ಒಳಗೇ ಕೂತು ಕೆಲಸ ಮಾಡುವವರಿಗೆ ಮೊಣಕಾಲಿನ ಕೆಳಗಿನ ಮುಂದಿನ ಮೂಳೆ ಒತ್ತಿದರೆ ನೋವಾಗುತ್ತಿದ್ದರೆ ವಿಟಮಿನ್ ಡಿ.

ತೊಂದರೆ ಬೇರೆ ಕಡೆ ಇದೆ. 80 ಸಾಲಿನಲ್ಲಿ ಎರಡು ಮೂರು ದಪ್ಪ ಅಕ್ಷರದಲ್ಲಿ ಬಂದೇ ಬರುತ್ತವೆ. ಅದನ್ನು ಹಿಡಿದು ಇನ್ನೊಂದು ಪರೀಕ್ಷೆ, ಮತ್ತೊಂದು ಡಾಕ್ಟರ್. ಮೂಲದ ನೋವು ಅಲ್ಲೇ ಉಳಿಯುತ್ತದೆ. ಕೊಲೆಸ್ಟ್ರಾಲ್‌ನದ್ದು ಇನ್ನೊಂದು ಬಲೆ. ಥೈರಾಯ್ಡ್ ಕೊರತೆಯಿಂದಲೇ ಕೊಲೆಸ್ಟ್ರಾಲ್ ಏರುತ್ತದೆ. ಅದಕ್ಕೆಂದು ಸ್ಟ್ಯಾಟಿನ್ ಮಾತ್ರೆ ಶುರುವಾದರೆ, ಥೈರಾಯ್ಡ್ ಸರಿಯಿಲ್ಲದ ಮೈಗೆ ಆ ಮಾತ್ರೆಯಿಂದ ಸ್ನಾಯು ನೋವು ಬರುವ ಅಪಾಯ ಹೆಚ್ಚು. ನೀವು ಸ್ಟ್ಯಾಟಿನ್ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ನೋವು ಜಾಸ್ತಿಯಾಗಿದ್ದರೆ ಇದನ್ನು ಡಾಕ್ಟರಿಗೆ ಹೇಳಿ. ನೀವಾಗೇ ಮಾತ್ರೆ ನಿಲ್ಲಿಸಬೇಡಿ.

ಮೊದಲು ಫಿಸಿಷಿಯನ್

ಫೀಸು 300ರಿಂದ 800. ಬಹಳ ಜನ ಇದನ್ನು ಉಳಿಸಲು ಹೋಗಿ ಎರಡು ಸಾವಿರ ಪ್ಯಾಕೇಜಿಗೆ ಕೊಡುತ್ತಾರೆ. ನಮ್ಮ ಅತ್ತಿಗೆಯ ಥೈರಾಯ್ಡ್ ಸಿಕ್ಕಿದ್ದು ಮಷೀನಿನಿಂದಲ್ಲ, ದನಿ ಕೇಳಿದ ಕಿವಿಯಿಂದ ಮತ್ತು ಒಂದು ಸುತ್ತಿಗೆಯಿಂದ. ನೋವಿನ ಜೊತೆ ಬಿಪಿ, ಸಕ್ಕರೆ, ಹೃದಯದ ಕಾಯಿಲೆ ಏನಾದರೂ ಇದ್ದರೆ, 60 ದಾಟಿದ್ದರೆ, ಚಿಕುನ್‌ಗುನ್ಯಾ ಆಗಿ ತಿಂಗಳುಗಟ್ಟಲೆ ಕೀಲು ಹಿಡಿದಿದ್ದರೆ, ಬೆಳಿಗ್ಗೆ ಬೆರಳು ಗಂಟೆಗಟ್ಟಲೆ ಬಿಗಿದಿರುತ್ತಿದ್ದರೆ ಇವರೇ ಮೊದಲು. ಅವರು ಬರೆದುಕೊಟ್ಟಷ್ಟೇ ಪರೀಕ್ಷೆ ಮಾಡಿಸಿ. ಹಾರ್ಮೋನಿನ ಕಾಯಿಲೆ ನೋಡುವ ಎಂಡೋಕ್ರೈನ್ ತಜ್ಞರು ಹೆಚ್ಚಾಗಿ ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಸಾಮಾನ್ಯ ಥೈರಾಯ್ಡ್ ಕೊರತೆಗೆ ಅವರೇ ಬೇಕೆಂದಿಲ್ಲ, ಫಿಸಿಷಿಯನ್ ಸಾಕು. ಗರ್ಭಿಣಿಯರು, ಮಾತ್ರೆ ತೆಗೆದುಕೊಂಡರೂ ಟಿಎಸ್‌ಎಚ್ ಇಳಿಯದವರು, ಕುತ್ತಿಗೆಯಲ್ಲಿ ಗಂಟು ಇರುವವರು ಹೋಗಲಿ.

ಸೀದಾ ಎಂಆರ್‌ಐ, ಸೀದಾ ಆಪರೇಷನ್

ಬೆನ್ನಿನ ಒಂದು ಭಾಗದ ಎಂಆರ್‌ಐಗೆ ಖಾಸಗಿಯಲ್ಲಿ 5,000ದಿಂದ 10,000. ಫಿಲ್ಮ್ ನೋಡಿದ ತಕ್ಷಣ ಕಾರಣ ಸಿಕ್ಕಿತು ಎಂಬ ಸಮಾಧಾನ ಬರುತ್ತದೆ. ಆದರೆ 2015ರಲ್ಲಿ ಬಂದ ಒಂದು ವಿಮರ್ಶೆ ನೆನಪಿಡಿ. ಬೆನ್ನು ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದಾಗ, 20 ವರ್ಷದವರಲ್ಲಿ 100ಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು. 80 ವರ್ಷದವರಲ್ಲಿ 84 ಜನರಿಗೆ. ಅವರ್ಯಾರಿಗೂ ನೋವಿರಲಿಲ್ಲ. ಅಂದರೆ ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್" ಎಂದಿದ್ದ ಮಾತ್ರಕ್ಕೆ ನಿಮ್ಮ ನೋವು ಅದರಿಂದಲೇ ಎಂದಲ್ಲ. ಕಾಲಿಗೆ ಇಳಿಯುವ ನೋವು, ಬೆರಳಿನ ಬಲ, ಸ್ಪರ್ಶ ಎಲ್ಲ ಆ ಜಾಗದ ನರಕ್ಕೆ ತಾಳೆಯಾಗಬೇಕು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಆಪರೇಷನ್ನಿಗೆ ಇನ್ಶೂರೆನ್ಸ್ ಬರುತ್ತದೆ, ಹೊರಗೆ ಮಾಡಿಸಿದ ರಕ್ತ ಪರೀಕ್ಷೆಗೆ ಸಾಮಾನ್ಯವಾಗಿ ಬರುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಚಿಕಿತ್ಸೆಗೆ. ಹಾಗಾಗಿ ಕೈಯಿಂದ 400 ರೂಪಾಯಿ ಕೊಡುವ ಪರೀಕ್ಷೆ ದುಬಾರಿ, ಕಾರ್ಡಿನಲ್ಲಾಗುವ ಆಪರೇಷನ್ ಬಿಟ್ಟಿ ಎಂದು ಅನ್ನಿಸಿಬಿಡುತ್ತದೆ. ಕೊಯ್ದ ಮೈಯನ್ನು ಮೊದಲಿನಂತೆ ಮಾಡಲಾಗುವುದಿಲ್ಲ, ಕೆಲಸಕ್ಕೆ ಹೋಗದ ವಾರಗಳನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಖಾಸಗಿ ಪಾಲಿಸಿ ಇದ್ದವರು ಬಿಲ್ ಎಸೆಯಬೇಡಿ. ದಾಖಲಾಗುವ ಮುಂಚಿನ 30 ದಿನ ಅದೇ ಕಾಯಿಲೆಗೆ ಆದ ಪರೀಕ್ಷೆಯ ಖರ್ಚನ್ನು ಬಹಳಷ್ಟು ಪಾಲಿಸಿಗಳು ಕೊಡುತ್ತವೆ.

ಯಾವ ನೋವಿಗೆ ಯಾವ ದಾರಿ

ಕೈ ಜೋಮಿಗೆ ಥೈರಾಯ್ಡ್ ಮತ್ತು ಸಕ್ಕರೆ ನೋಡದೆ ಆಪರೇಷನ್ನಿಗೆ ಒಪ್ಪಬೇಡಿ, ಅದರಲ್ಲೂ ಎರಡೂ ಕೈಗೆ ಇದ್ದರೆ. ಕಿರುಬೆರಳು ಬಿಟ್ಟು ಉಳಿದ ಬೆರಳು ಜೋಮು, ರಾತ್ರಿ ಜಾಸ್ತಿ, ಒದರಿದರೆ ಕಮ್ಮಿ ಎಂದರೆ ಕಾರ್ಪಲ್ ಟನಲ್ ಇರಬಹುದು. ರಾತ್ರಿ ಮಣಿಕಟ್ಟು ನೇರವಾಗಿಡುವ ಪಟ್ಟಿ ಹಾಕಿಕೊಂಡು, ಥೈರಾಯ್ಡಿಗೆ ಮಾತ್ರೆ ತೆಗೆದುಕೊಂಡು ಎರಡು ಮೂರು ತಿಂಗಳು ನೋಡಲು ಜಾಗವಿದೆ. ಆದರೆ ಅಂಗೈ ಮೇಲೆ ಮಾಡಿ ಹೆಬ್ಬೆರಳಿನ ಬುಡದ ಮಾಂಸ ನೋಡಿಕೊಳ್ಳಿ. ಅದು ಕರಗಿ ಚಪ್ಪಟೆಯಾಗಿದ್ದರೆ, ಸೂಜಿ ಹಿಡಿಯಲು, ಗುಂಡಿ ಹಾಕಲು ಆಗದಿದ್ದರೆ ಕಾಯಬೇಡಿ. ಥೈರಾಯ್ಡ್ ಚಿಕಿತ್ಸೆ ಜೊತೆಯಲ್ಲೇ ನಡೆಯಲಿ, ಸರ್ಜನ್ ಹತ್ತಿರ ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆಯುವ ಎನ್‌ಸಿವಿ ಪರೀಕ್ಷೆ ಮಾಡಿಸಿ ಮುಂದುವರಿಯಿರಿ.

ಭುಜ ಹಿಡಿದುಕೊಂಡು, ಜಡೆ ಹಾಕಲು, ರವಿಕೆಯ ಹಿಂದಿನ ಹುಕ್ಕು ಹಾಕಲು ಆಗದವರಿಗೂ ಇದೇ ಎರಡು ಪರೀಕ್ಷೆ. ಒಂದು ವ್ಯತ್ಯಾಸ ಇದೆ. ಥೈರಾಯ್ಡ್ ಸರಿಯಾದ ತಕ್ಷಣ ಭುಜ ಸಡಿಲಾಗುವುದಿಲ್ಲ. ಫ್ರೋಜನ್ ಶೋಲ್ಡರ್ ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು, ಫಿಸಿಯೋಥೆರಪಿ ಬೇಕೇ ಬೇಕು. ಆದರೆ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ಬಿಡುತ್ತದೆ.

ಮಂಡಿಯ ವಿಷಯದಲ್ಲಿ ನಾನು ಬೇರೆ ಮಾತು ಹೇಳುತ್ತೇನೆ. 65 ದಾಟಿದ ಅಮ್ಮನ ಮಂಡಿ ಬಾಗಿದೆ, ನಿಂತು ತೆಗೆದ ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿದೆ ಎಂದರೆ ಟಿಎಸ್‌ಎಚ್ ಏನೇ ಬಂದರೂ ಆ ಸವೆತ ವಾಪಸ್ ಬರುವುದಿಲ್ಲ. ಇಲ್ಲಿ ಥೈರಾಯ್ಡ್ ನೋಡುವುದು ಆಪರೇಷನ್ ತಪ್ಪಿಸಲು ಅಲ್ಲ, ಆಪರೇಷನ್ ಸುರಕ್ಷಿತವಾಗಿ ಆಗಲು. ಎಕ್ಸ್‌ರೇಯಲ್ಲಿ ಸವೆತ ಅಲ್ಪಸ್ವಲ್ಪ, ನೋವು ಮಾತ್ರ ಮೈಯೆಲ್ಲ ಎಂದಿದ್ದರೆ ಆಗ ಲೆಕ್ಕ ಬೇರೆ. ಆಗ ಮೊದಲು ರಕ್ತ ಪರೀಕ್ಷೆ.

ಸೊಂಟ ನೋವು ಕಾಲಿಗೆ ಇಳಿಯುತ್ತಿದ್ದರೂ ಬಲ ಸರಿಯಿದ್ದರೆ, ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ತಾನಾಗಿ ತಗ್ಗುತ್ತದೆ. ಆ ಸಮಯದಲ್ಲಿ ಟಿಎಸ್‌ಎಚ್ ನೋಡಿಸಿಕೊಳ್ಳಬಹುದು. ಮೈಯೆಲ್ಲ ನೋವು ಎನ್ನುವವರಿಗೆ ಆಪರೇಷನ್ ಎಂಬ ಮಾತೇ ಬರಬಾರದು. ಬಂದಿದ್ದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಎಲ್ಲಿ ಮಾಡಿಸುವುದು, ಹೇಗೆ ಹೋಗುವುದು

ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕಮ್ಮಿ ಖರ್ಚಿನಲ್ಲಿ ಆಗುತ್ತದೆ, ಸಾಲು ಮತ್ತು ಓಡಾಟ ಜಾಸ್ತಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿಕೊಂಡು ಹೋಗಿ. ಮನೆಗೆ ಬಂದು ರಕ್ತ ತೆಗೆಯುವವರು ವಯಸ್ಸಾದವರಿಗೆ ಅನುಕೂಲ. ಖಾಸಗಿ ಲ್ಯಾಬಾದರೆ ಲ್ಯಾಬಿನ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆಯಾ ಕೇಳಿ. ಎಲ್ಲಕ್ಕಿಂತ ಮುಖ್ಯ, ಮುಂದಿನ ಸಲವೂ ಅದೇ ಲ್ಯಾಬಿಗೇ ಹೋಗಿ. ಒಂದೊಂದು ಲ್ಯಾಬಿನ ಮಷೀನು ಬೇರೆ, ಗಡಿ ಅಂಕಿ ಬೇರೆ. ಹೋಲಿಸುವುದು ಕಷ್ಟ.

ಖಾಲಿ ಹೊಟ್ಟೆ ಕಡ್ಡಾಯ ಅಲ್ಲ. ಆದರೆ ಟಿಎಸ್‌ಎಚ್ ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನ ಕಮ್ಮಿ ಇರುತ್ತದೆ. ಪ್ರತಿ ಸಲ ಬೆಳಿಗ್ಗೆಯೇ, ಹೆಚ್ಚೂಕಮ್ಮಿ ಅದೇ ಹೊತ್ತಿಗೆ ಕೊಡಿ. ಮಾತ್ರೆ ಶುರುವಾಗಿದ್ದರೆ ರಕ್ತ ಕೊಟ್ಟ ಮೇಲೆ ಅವತ್ತಿನ ಮಾತ್ರೆ ತೆಗೆದುಕೊಳ್ಳಿ.

ಇನ್ನೊಂದು ವಿಷಯ ನಾನು ಪ್ರತಿಯೊಬ್ಬರನ್ನೂ ಕೇಳುತ್ತೇನೆ: ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಥೈರಾಯ್ಡ್ ಕೊರತೆಯಿಂದ ಕೂದಲು ಉದುರುತ್ತದೆ, ಕೂದಲು ಉದುರುತ್ತದೆ ಎಂದು ಬಯೋಟಿನ್ ತಿನ್ನುತ್ತಾರೆ, ಆ ಬಯೋಟಿನ್ ಹಲವು ಮಷೀನುಗಳನ್ನು ದಾರಿ ತಪ್ಪಿಸಿ ಟಿಎಸ್‌ಎಚ್ ಕಮ್ಮಿ ಎಂದು ತೋರಿಸುತ್ತದೆ. ಇರುವ ಕಾಯಿಲೆ ಮುಚ್ಚಿಹೋಗುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ. ಜೋರು ಜ್ವರ, ನ್ಯುಮೋನಿಯಾದಂಥ ಕಾಯಿಲೆ ಇರುವಾಗಲೂ ಟಿಎಸ್‌ಎಚ್ ನಂಬುವ ಹಾಗಿಲ್ಲ.

ರಿಪೋರ್ಟ್ ಬಂದ ಮೇಲೆ ಎಷ್ಟು ಕಾಯಬೇಕು

ಟಿಎಸ್‌ಎಚ್ ಸುಮಾರು 0.4ರಿಂದ 4ರ ಒಳಗಿದ್ದರೆ ಥೈರಾಯ್ಡಿನ ಮೇಲಿನ ಅನುಮಾನ ಹೆಚ್ಚಾಗಿ ಅಲ್ಲಿಗೇ ಮುಗಿಯಿತು. ನೋವಿಗೆ ಬೇರೆ ಕಾರಣ ಹುಡುಕಿ, ಸುಮ್ನೆ ಅದನ್ನೇ ಮತ್ತೆ ಮತ್ತೆ ಮಾಡಿಸಬೇಡಿ. 10ರೊಳಗಿದ್ದು ಫ್ರೀ ಟಿ4 ಸರಿಯಿದ್ದರೆ ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಬಹಳಷ್ಟು ಜನರಲ್ಲಿ ಅದು ತಾನಾಗಿ ಇಳಿದಿರುತ್ತದೆ. 10 ದಾಟಿದರೆ, ಅಥವಾ ಫ್ರೀ ಟಿ4 ಕಮ್ಮಿ ಇದ್ದರೆ ಸಾಮಾನ್ಯವಾಗಿ ಮಾತ್ರೆ.

ಥೈರಾಯ್ಡ್ ಕೊರತೆ ತುಂಬುವ ಲೆವೊಥೈರಾಕ್ಸಿನ್ ಮಾತ್ರೆ ಅಗ್ಗವೇ. ಬೆಳಿಗ್ಗೆ ಬರೀ ನೀರಿನಲ್ಲಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ. ಮಂಡಿ ನೋವಿಗೆಂದು ಕ್ಯಾಲ್ಸಿಯಂ ಬರೆದುಕೊಟ್ಟಿರುತ್ತಾರೆ, ಎರಡನ್ನೂ ಒಟ್ಟಿಗೆ ನುಂಗಿ ಟಿಎಸ್‌ಎಚ್ ಇಳಿಯುತ್ತಿಲ್ಲ ಎನ್ನುವವರು ನನಗೆ ವಾರಕ್ಕೊಬ್ಬರು ಸಿಗುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ, ಅವಸರ ಮಾಡಬೇಡಿ. ಮತ್ತೆ ಟಿಎಸ್‌ಎಚ್ ನೋಡುವುದು 6ರಿಂದ 8 ವಾರಕ್ಕೆ. ಅದಕ್ಕೂ ಮೊದಲು ನೋಡಿದರೆ ಅಂಕಿ ಇನ್ನೂ ನೆಲೆಗೆ ನಿಂತಿರುವುದಿಲ್ಲ. ಸ್ನಾಯುವಿನ ನೋವು, ಬಿಗಿತ ಬಿಡಲು ಅದಕ್ಕಿಂತಲೂ ಹೆಚ್ಚು, ಕೆಲವು ತಿಂಗಳು ಬೇಕು. ಟಿಎಸ್‌ಎಚ್ ಸರಿಯಾಗಿ ಮೂರು ನಾಲ್ಕು ತಿಂಗಳಾದರೂ ನೋವು ಹಾಗೇ ಇದ್ದರೆ ಅದು ಥೈರಾಯ್ಡಿನದ್ದಲ್ಲ ಎಂದುಕೊಂಡು ಸರ್ಜನ್ ಹತ್ತಿರ ವಾಪಸ್ ಹೋಗಬಹುದು.

ಆಪರೇಷನ್ ಬೇಕೇ ಬೇಕು ಎಂದಾದರೂ ಈ ಪರೀಕ್ಷೆ ದಂಡವಲ್ಲ. ಕೊರತೆ ತೀವ್ರವಾಗಿದ್ದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಎಚ್ಚರವಾಗುವುದು ತಡ, ಉಸಿರು ಮತ್ತು ಹೃದಯದ ಬಡಿತ ನಿಧಾನವಾಗುವ ಅಪಾಯ. ಹಾಗಾಗಿ ಅವಸರವಿಲ್ಲದ ಆಪರೇಷನ್ ಆದರೆ ಥೈರಾಯ್ಡ್ ಹತೋಟಿಗೆ ಬರುವವರೆಗೆ ಮುಂದೂಡುತ್ತಾರೆ. ರಿಪೋರ್ಟನ್ನು ಸರ್ಜನ್‌ಗಷ್ಟೇ ಅಲ್ಲ, ಅರಿವಳಿಕೆ ಡಾಕ್ಟರಿಗೂ ತೋರಿಸಿ.

ಅತ್ತಿಗೆಯ ಎರಡೂ ಕೈಯ ಡೇಟನ್ನು ಅಣ್ಣ ಫೋನ್ ಮಾಡಿ ಮುಂದೆ ಹಾಕಿಸಿದ. ಎರಡು ತಿಂಗಳಿಗೆ ರಾತ್ರಿ ಏಳುವುದು ಕಮ್ಮಿಯಾಯಿತು. ಮೈಕೈ ನೋವು ಐದನೇ ತಿಂಗಳಿಗೆ ಬಿಟ್ಟಿತು, ದನಿಯೂ ತಿರುಗಿತು. ಎಡಗೈ ಪೂರ್ತಿ ಸರಿಹೋಯಿತು. ಬಲಗೈಯ ಜೋಮು ಮಾತ್ರ ಹೋಗಲಿಲ್ಲ, ಎನ್‌ಸಿವಿಯಲ್ಲಿ ನರ ಇನ್ನೂ ಹಿಸುಕಿಕೊಂಡಿರುವುದು ಕಂಡಿತು. ಆ ಒಂದು ಕೈಗೆ ಆಪರೇಷನ್ ಆಯಿತು. ಅವತ್ತು ಬೆಳಿಗ್ಗೆ ಏನೂ ತಿನ್ನಬಾರದು ಎಂದಿದ್ದರು. ಥೈರಾಯ್ಡ್ ಮಾತ್ರೆಯನ್ನಾದರೂ ಬಿಡಬೇಕಾ ಎಂದು ಅತ್ತಿಗೆ ನನಗೆ ಫೋನ್ ಮಾಡಿದರು. ಡಾಕ್ಟರನ್ನೇ ಕೇಳಿ ಎಂದೆ. ಒಂದು ಗುಟುಕು ನೀರಿನಲ್ಲಿ ನುಂಗಿ ಬನ್ನಿ ಎಂದರಂತೆ.